ಬಿಚ್ಚೋದು ಹೇಗೆ, ಚಿಕ್ಕಮ್ಮ?

14 ಜೂನ್ 2025, ಶನಿವಾರ, ರಾತ್ರಿ

"ಇಷ್ಟು ಗಟ್ಟಿಯಾಗಿ ಕಟ್ಟಿಬಿಟ್ರೆ ಆಮೇಲೆ ಬಿಚ್ಚೋದು ಹೇಗೆ, ಚಿಕ್ಕಮ್ಮ?"

ಪುಟ್ಟಿ ಕೇಳಿದ್ದು ಇಷ್ಟೇ. 6 ಮಿಲಿಮೀಟರ್ ಹಗ್ಗದ ತುಂಡೊಂದನ್ನು ಊಟದ ಮೇಜಿನ ಕಾಲಿಗೆ ಕಟ್ಟಿಕೊಂಡು ಕೂತಿದ್ದಳು. ಸಂಜೆಯಿಂದ ಆ ಮಾತು ತಲೆಯಿಂದ ಇಳಿಯುತ್ತಿಲ್ಲ. ಹಾಯಿದೋಣಿ ಕಲಿಯಲು ಬಂದವರಿಗೆ ಮೊದಲು ಕಟ್ಟುವುದನ್ನು ಕಲಿಸುತ್ತೇವೆ, ಗಟ್ಟಿ ನಿಂತಿತಾ ಎಂದು ಎಳೆದು ನೋಡುತ್ತೇವೆ, ಪಾಠ ಆಯಿತು ಅನ್ನುತ್ತೇವೆ. ಬಿಚ್ಚುವ ಮಾತು ಬರುವುದು ಗಾಳಿ ಎದ್ದು ಹಗ್ಗ ತಂತಿಯ ಹಾಗೆ ಬಿಗಿದ ಮೇಲೆ. ಆಗ ಯಾರಿಗೂ ನಿಂತು ಯೋಚಿಸಲು ಪುರುಸೊತ್ತಿರುವುದಿಲ್ಲ.

ಕನ್ನಂಬಾಡಿ ಹಿನ್ನೀರಿನಲ್ಲಿ ಈಗ ಪಡುವಣ ಗಾಳಿಯ ಕಾಲ. ನೀರೂ ಏರುತ್ತಿದೆ. ನಾಳೆ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಇದನ್ನು ಬರೆದಿಡಬೇಕು.

ಬೋಲೈನ್‌ನಿಂದಲೇ ಶುರುಮಾಡುತ್ತೇನೆ; ಎಳೆದರೂ ಬಿಗಿಯದ ಕುಣಿಕೆ ಮಾಡುವ ಗಂಟು ಅದು. ಎಲ್ಲರೂ ಮೊದಲು ಕಲಿಯುವುದು ಅದನ್ನೇ, ಎಲ್ಲ ಕಡೆಗೂ ಅದನ್ನೇ ಹಾಕುವುದು. ಹಗ್ಗದ ಮೈ, ಅಂದರೆ ಭಾರ ಹೊರುವ ಉದ್ದ ಭಾಗ, ಎಡಗೈಯಲ್ಲಿ; ಬಾಲ, ಅಂದರೆ ಬಿಡಿ ತುದಿ, ಬಲಗೈಯಲ್ಲಿ. ಬಾಲದಿಂದ ಒಂದು ಮೊಳ ಬಿಟ್ಟು ಒಂದು ಪುಟ್ಟ ಕಣ್ಣು ಮಾಡಬೇಕು, ಬಾಲದ ಕಡೆಯ ಎಳೆ ಮೈಯ ಮೇಲೆ ಬರುವ ಹಾಗೆ. ಬಾಲವನ್ನು ಕೆಳಗಿಂದ ಕಣ್ಣೊಳಗೆ ಮೇಲಕ್ಕೆ ತಂದು, ಮೈಯ ಹಿಂದಿನಿಂದ ಸುತ್ತಿಸಿ, ಅದೇ ಕಣ್ಣಿನಲ್ಲಿ ಕೆಳಕ್ಕೆ ಇಳಿಸಬೇಕು. ಆಮೇಲೆ ಬಾಲ ಮತ್ತು ಅದರ ಪಕ್ಕದ ಎಳೆಯನ್ನು ಒಟ್ಟಿಗೆ ಹಿಡಿದು ಮೈಯನ್ನು ಎಳೆದು ಕೂರಿಸಬೇಕು. ಈ ಕೂರಿಸುವುದನ್ನು ಬಿಟ್ಟರೆ ಅರ್ಧ ಗಂಟು ಹಾಕಿದಷ್ಟೇ. ತಪ್ಪಾಗುವುದು ಹೆಚ್ಚಾಗಿ ಕಣ್ಣಿನಲ್ಲಿ. ಮೈ ಮೇಲೆ ಬಂದು ಬಾಲದ ಎಳೆ ಕೆಳಗೆ ಹೋಗಿದ್ದರೆ ಮುಂದೆ ಎಷ್ಟೇ ಸರಿಯಾಗಿ ಮಾಡಿದರೂ ಎಳೆದ ಕೂಡಲೇ ಸುತ್ತು ಕಳಚಿಕೊಳ್ಳುತ್ತದೆ.

ಮುಗಿದ ಬೋಲೈನ್‌ನಲ್ಲಿ ಬಾಲ ದೊಡ್ಡ ಕುಣಿಕೆಯ ಒಳಗಡೆ ಇರುತ್ತದೆ. ಹೊರಗಡೆ ಇದ್ದರೆ ಅದು ಇನ್ನೊಂದು ಬಗೆ. ಅದೂ ಭಾರ ಹೊರುತ್ತದೆ, ಆದರೆ ಬಾಲ ಯಾವುದಕ್ಕಾದರೂ ಸಿಕ್ಕಿ ಎಳೆದುಕೊಳ್ಳುವ ಸಂಭವ ಹೆಚ್ಚು. ಪುಟ್ಟಿ ಎಡಚಿ. ಎಡಗೈಯವರು ಕಟ್ಟಿದ್ದೆಲ್ಲ 'ಎಡ ಬೋಲೈನ್' ಆಗುತ್ತದೆ ಎಂದು ಯಾರೋ ಅವಳಿಗೆ ಹೇಳಿಬಿಟ್ಟಿದ್ದಾರೆ. ಅದು ಶುದ್ಧ ತಪ್ಪು. ಬಲಗೈ ಬೋಲೈನನ್ನು ಕನ್ನಡಿಯಲ್ಲಿ ನೋಡಿದರೆ ಹೇಗೆ ಕಾಣುತ್ತದೋ ಅವಳದು ಹಾಗೆ ಬರುತ್ತದೆ, ಬಾಲ ಒಳಗೇ ಇರುತ್ತದೆ, ಬಲದಲ್ಲಿ ಒಂದಿಷ್ಟೂ ಕಡಿಮೆಯಿಲ್ಲ. ಎಡಚ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಬೇಕು, ಬಲಗೈ ಮಕ್ಕಳನ್ನು ಪಕ್ಕದಲ್ಲಿ. ನೋಡಿದ್ದನ್ನು ನೋಡಿದ ಹಾಗೇ ಮಾಡಿದರೆ ಇಬ್ಬರಿಗೂ ಸರಿಬರುತ್ತದೆ. ಈ ಸಣ್ಣ ವಿಷಯಕ್ಕೆ ಎಷ್ಟೋ ಮಕ್ಕಳು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಈಗ ಅವಳ ಪ್ರಶ್ನೆ. ಬೋಲೈನ್ ಬಿಚ್ಚಲು ಮೈಯನ್ನು ಕೊರಳಪಟ್ಟಿಯ ಹಾಗೆ ಸುತ್ತಿಕೊಂಡ ಎಳೆ ಇದೆಯಲ್ಲ, ಅದನ್ನು ಹೆಬ್ಬೆರಳಿನಿಂದ ಮುಂದಕ್ಕೆ ಮಗುಚಬೇಕು. ಮಗುಚಿದ ಕೂಡಲೇ ಕಣ್ಣು ಸಡಿಲವಾಗುತ್ತದೆ. ಇಡೀ ದಿನ ಎಳೆತ ತಿಂದ ಒದ್ದೆ ಹಗ್ಗದಲ್ಲೂ ಹೀಗೆ ಬಿಚ್ಚುತ್ತದೆ, ಅದಕ್ಕೇ ಈ ಗಂಟಿಗೆ ಇಷ್ಟು ಮರ್ಯಾದೆ. ಆದರೆ ಒಂದು ಷರತ್ತಿದೆ: ಮೈಯಲ್ಲಿ ಎಳೆತ ಇರಬಾರದು. ಎಳೆತ ಇರುವಷ್ಟು ಹೊತ್ತು ಆ ಪಟ್ಟಿ ಅಲ್ಲಾಡುವುದೇ ಇಲ್ಲ, ಬೆರಳಲ್ಲ ಇಕ್ಕಳ ಹಾಕಿದರೂ.

ಹಾಗಾಗಿ ಗಾಳಿ ದೋಣಿಯನ್ನು ಜೆಟ್ಟಿಯಿಂದ (ದೋಣಿ ನಿಲ್ಲಿಸುವ ಕಟ್ಟೆಯಿಂದ) ಆಚೆಗೆ ತಳ್ಳುತ್ತಿರುವಾಗ ಕಂಬಕ್ಕೆ ಬೋಲೈನ್ ಹಾಕಿದರೆ ಗಾಳಿ ನಿಲ್ಲುವವರೆಗೂ ನೀವು ಅಲ್ಲೇ. ಇಲ್ಲವೇ ಯಾರಾದರೂ ದೋಣಿಯನ್ನು ಎಳೆದು ಹಗ್ಗ ಸಡಿಲಿಸಬೇಕು. ಅದೂ ಆಗದಿದ್ದರೆ ಚಾಕು.

ಆ ಜಾಗಕ್ಕೆ ಬೇಕಾದದ್ದು ರೌಂಡ್ ಟರ್ನ್ ಮತ್ತು ಎರಡು ಹಾಫ್ ಹಿಚ್. ನೋಡಲು ಏನೂ ಅಲ್ಲ, ಚಿತ್ರದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಕಂಬಕ್ಕೋ ಬಳೆಗೋ ಹಗ್ಗವನ್ನು ಎರಡು ಸಲ ಸುತ್ತಬೇಕು, ಎದುರಿಂದ ನೋಡಿದರೆ ಎರಡು ಪಟ್ಟಿ ಕಾಣಬೇಕು. ಹೆಚ್ಚಿನ ಭಾರವನ್ನು ಹೊರುವುದು ಈ ಎರಡು ಸುತ್ತಿನ ತಿಕ್ಕಾಟವೇ. ಅದಾದ ಮೇಲೆ ಬಾಲದಿಂದ ಹಗ್ಗದ ಮೈಗೇ ಎರಡು ಅರ್ಧಗಂಟು, ಎರಡೂ ಒಂದೇ ದಿಕ್ಕಿನಲ್ಲಿ. ಎರಡನೆಯದನ್ನು ತಿರುವುಮುರುವಾಗಿ ಹಾಕಿದರೆ ಗಂಟು ಸರಿಯಾಗಿ ಕೂರುವುದಿಲ್ಲ. ಬಿಚ್ಚುವಾಗ ಹಾಫ್ ಹಿಚ್ ಎರಡನ್ನೂ ತೆಗೆದರೂ ಸುತ್ತುಗಳು ದೋಣಿಯನ್ನು ಹಿಡಿದುಕೊಂಡೇ ಇರುತ್ತವೆ. ಬಾಲವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗಬಹುದು. ಹಗ್ಗ ಎಷ್ಟೇ ಬಿಗಿದಿದ್ದರೂ ಬಿಚ್ಚಬಹುದಾದ ಗಂಟು ಇದು. ಮೊದಲ ದಿನ ಬೋಲೈನ್ ಬದಲು ಇದನ್ನೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ, ಯಾರು ಒಪ್ಪದಿದ್ದರೂ ಸರಿ.

ಕಂಬಕ್ಕೆ ಎರಡು ಸುತ್ತು ಹಾಕಿ ಎರಡನೆಯದರ ಅಡಿಗೆ ಬಾಲ ತೂರಿಸುವ ಕ್ಲೋವ್ ಹಿಚ್ ಬಗ್ಗೆ ಎರಡೇ ಮಾತು. ಫೆಂಡರ್ (ದೋಣಿಯ ಪಕ್ಕ ಉಜ್ಜದಂತೆ ಇಳಿಬಿಡುವ ಮೆತ್ತೆ) ನೇತುಹಾಕಲು ಚೆನ್ನ, ಎತ್ತರ ಹೊಂದಿಸುವುದು ಸುಲಭ. ನುಣುಪಾದ ಸ್ಟೀಲ್ ಪೈಪಿನ ಮೇಲೆ, ಎಳೆತದ ದಿಕ್ಕು ಬದಲಾಗುತ್ತಿದ್ದರೆ, ಒಂದೊಂದೇ ಅಂಗುಲ ಜಾರುತ್ತ ಬಿಚ್ಚಿಕೊಳ್ಳುತ್ತದೆ. ದೋಣಿಯನ್ನು ಅದೊಂದರ ಮೇಲೆ ನಂಬಿ ಮನೆಗೆ ಹೋಗಬಾರದು.

ಇವತ್ತು ಪುಟ್ಟಿಗೆ ತುಂಬ ಹಿಡಿಸಿದ್ದು ರೀಫ್ ನಾಟ್. ಆಪ್ಟಿಮಿಸ್ಟ್ ದೋಣಿಗೆ ಅದು ಜೀವಾಳ. 1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್‌ನಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದು ಮಾಡಿದ ದೋಣಿ ಅದು. 2.36 ಮೀಟರ್ ಉದ್ದ, ದೋಣಿಯ ಒಡಲಿನ ತೂಕ 35 ಕಿಲೋ. ಅದರ ಹಾಯಿಯನ್ನು ಮಾಸ್ಟಿಗೂ (ನಿಂತ ಕಂಬ) ಬೂಮಿಗೂ (ಹಾಯಿಯ ಬುಡದ ಅಡ್ಡಕೋಲು) ಸಣ್ಣ ಸಣ್ಣ ದಾರಗಳಿಂದ ಕಟ್ಟುತ್ತಾರೆ. ಹಾಯಿಯ ಅಂಚಿಗೂ ಕಂಬಕ್ಕೂ ನಡುವೆ 10 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದು ಎಂಬ ನಿಯಮವಿದೆ. ದಾರವನ್ನು ಹಾಯಿಯಂಚಿನ ತೂತಿನ ಮೂಲಕ ಎರಡು ಸುತ್ತು ತಂದು ರೀಫ್ ನಾಟ್ ಹಾಕಬೇಕು: ಬಲಗಡೆಯ ತುದಿ ಎಡದ ಮೇಲೆ, ಆಮೇಲೆ ಎಡಗಡೆಯದು ಬಲದ ಮೇಲೆ. ಎರಡು ಸಲವೂ ಬಲವನ್ನೇ ಎಡದ ಮೇಲೆ ತಂದರೆ ಗ್ರ್ಯಾನಿ ನಾಟ್ ಆಗುತ್ತದೆ. ಲಂಗದ ಲಾಡಿಗೆ, ಅಕ್ಕಿಮೂಟೆಗೆ ಅವಸರದಲ್ಲಿ ಹಾಕುತ್ತೇವಲ್ಲ, ಹೆಚ್ಚಾಗಿ ಅದೇ. ಗುರುತಿಸುವುದು ಸುಲಭ. ರೀಫ್ ನಾಟ್‌ನಲ್ಲಿ ಬಾಲಗಳು ಎಳೆಯ ಪಕ್ಕದಲ್ಲೇ ಒರಗಿ ಮಲಗುತ್ತವೆ, ಗ್ರ್ಯಾನಿಯಲ್ಲಿ ಅಡ್ಡಡ್ಡ ಚಾಚಿಕೊಳ್ಳುತ್ತವೆ. ಎರಡು ಬಾರಿ ಗಾಳಿ ಬಡಿದರೆ ಗ್ರ್ಯಾನಿ ಜಾರುತ್ತದೆ, ಸಂದು ಅಗಲವಾಗುತ್ತದೆ, ಹಾಯಿಯ ಆಕಾರವೇ ಕೆಡುತ್ತದೆ.

ರೀಫ್ ನಾಟ್‌ನ ಒಂದು ಬಾಲವನ್ನು ಹಿಡಿದು ಹಿಂದಕ್ಕೆ ಜಗ್ಗಿ ತೋರಿಸಿದೆ. ಗಂಟು ಒಂದೇ ಕ್ಷಣದಲ್ಲಿ ಮಗುಚಿ, ಒಂದು ಎಳೆ ನೇರವಾಗಿ, ಇನ್ನೊಂದು ಅದರ ಮೇಲೆ ಬರಿಯ ಉಂಗುರದ ಹಾಗೆ ಜಾರಿ ಹೊರಗೆ ಬಂತು. ಪುಟ್ಟಿ ಬಾಯಿ ಬಿಟ್ಟುಕೊಂಡು ನೋಡಿದಳು. "ಹಾಗಾದ್ರೆ ಇದು ಕೆಟ್ಟ ಗಂಟಾ?" ಹಾಯಿ ಕಟ್ಟಲು ಅದಕ್ಕಿಂತ ಒಳ್ಳೆಯದಿಲ್ಲ, ಯಾಕೆಂದರೆ ಬೇಕೆಂದಾಗ ಹೀಗೆ ಬಿಚ್ಚುತ್ತದೆ. ಎರಡು ಹಗ್ಗ ಸೇರಿಸಲು ಮಾತ್ರ ಅದನ್ನು ಮುಟ್ಟಬಾರದು, ಅದೂ ಇದೇ ಕಾರಣಕ್ಕೆ. ಹಗ್ಗಗಳ ದಪ್ಪ ಬೇರೆಬೇರೆ ಇದ್ದರಂತೂ ಅದರಷ್ಟಕ್ಕೆ ಅದೇ ಮಗುಚಿಕೊಳ್ಳುತ್ತದೆ.

ಸೇರಿಸಲು ಶೀಟ್ ಬೆಂಡ್. ದಪ್ಪ ಹಗ್ಗವನ್ನು ಮಡಿಚಿ ಹಿಡಿ. ತೆಳು ಹಗ್ಗ ಮಡಿಕೆಯ ಕೆಳಗಿಂದ ಮೇಲೆ ಬಂದು, ಮಡಿಕೆಯ ಎರಡು ಕಾಲನ್ನೂ ಹಿಂದಿನಿಂದ ಬಳಸಿ, ತನ್ನದೇ ಎಳೆಯ ಅಡಿಯಲ್ಲಿ ತೂರಬೇಕು. ಎರಡು ಬಾಲಗಳೂ ಒಂದೇ ಪಕ್ಕದಲ್ಲಿರಲಿ. 10 ಮಿಲಿಮೀಟರ್‌ಗೆ 6 ಮಿಲಿಮೀಟರ್ ಸೇರಿಸುವುದಾದರೆ ಎರಡು ಸಲ ಬಳಸಿಯೇ ತೂರಿಸಬೇಕು. ಕಟ್ಟಿ ಮುಗಿಸಿ ಸುಮ್ಮನೆ ನೋಡಿದರೆ ಗೊತ್ತಾಗುತ್ತದೆ, ಇದರ ಹೆಣಿಗೆ ಬೋಲೈನ್‌ನದೇ. ಅಲ್ಲಿ ಒಂದೇ ಹಗ್ಗ, ಇಲ್ಲಿ ಎರಡು. ಇದನ್ನು ಪುಟ್ಟಿ ತಾನೇ ಕಂಡುಹಿಡಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಂದ ಒಂದೊಂದು ಎಳೆಯನ್ನೂ ಸವರುತ್ತ ಹೋಗಿ, "ಇದು ಅದೇ ಅಲ್ವಾ" ಅಂದಳು. ಆಗ ಅವಳ ಮುಖ ನೋಡಬೇಕಿತ್ತು.

ಒಂದು ಚಿಂತೆ ಹಾಗೇ ಉಳಿದಿದೆ. ನಮ್ಮ ಕಡೆ ಹಗ್ಗ ಎಂದರೆ ತೆಂಗಿನ ನಾರಿನ ಹಗ್ಗದಲ್ಲಿ ಪಳಗಿದ ಕೈ. ಕರುವಿನ ಕೊರಳಿಗೆ ಜೀರುಗುಣಿಕೆ ಹಾಕಬಾರದು, ಎಳೆದರೆ ಬಿಗಿಯುತ್ತದೆ ಎಂದು ಹಳ್ಳಿಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಬಿಗಿಯದ ಕುಣಿಕೆ ಬೇಕು ಎನ್ನುವ ಆ ತಿಳಿವೇ ಬೋಲೈನ್‌ಗೂ ಅಡಿಪಾಯ. ಆದರೆ ನಾರಿನ ಹಗ್ಗ ಒರಟು, ಹೇಗೆ ಸುತ್ತಿದರೂ ಕಚ್ಚಿಕೊಳ್ಳುತ್ತದೆ, ತಪ್ಪು ಗಂಟನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಡೈನೀಮಾ ಎಂಬ ಕೃತಕ ನೂಲಿನ ಹಗ್ಗ ಇನ್ನೂ ನುಣುಪು, ಸಾದಾ ಬೋಲೈನ್ ಅದರಲ್ಲಿ ನಿಧಾನಕ್ಕೆ ಜಾರಿಹೋಗುತ್ತದೆ. ಹೊಸ, ಸೆಟೆದ ಹಗ್ಗದಲ್ಲೂ ಅಷ್ಟೇ, ಹಾಯಿ ಪಟಪಟ ಬಡಿಯುತ್ತಿದ್ದರೆ ಎಳೆತ ಇಲ್ಲದ ಗಂಟು ಅಲ್ಲಾಡಿ ಅಲ್ಲಾಡಿ ತೆರೆದುಕೊಳ್ಳುತ್ತದೆ. ಬಾಲವನ್ನು ಹಗ್ಗದ ದಪ್ಪದ ಹನ್ನೆರಡು ಪಟ್ಟಾದರೂ ಬಿಡಬೇಕು. 10 ಮಿಲಿಮೀಟರ್ ಹಗ್ಗಕ್ಕೆ 12 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಇದನ್ನೂ ಉಳಿಸಲು ಹೋಗುವವರಿದ್ದಾರೆ. ಹಗ್ಗ ನುಣುಪಾಗಿದ್ದರೆ ಕಣ್ಣನ್ನು ಒಂದರ ಬದಲು ಎರಡು ಸುತ್ತು ಮಾಡಬೇಕು. ಮತ್ತೆ, ಗಂಟು ಹಾಕಿದ ಹಗ್ಗಕ್ಕೆ ಅದರ ಪೂರ್ತಿ ಬಲ ಇರುವುದಿಲ್ಲ. ಬೋಲೈನ್ ಹಾಕಿದರೆ ಸುಮಾರು 60ರಿಂದ 70 ಪ್ರತಿಶತ ಉಳಿಯುತ್ತದೆ, ಅಷ್ಟೇ. ಎಳೆ ತೀರಾ ಬಿರುಸಾಗಿ ಬಾಗುವ ಜಾಗದಲ್ಲೇ ಹಗ್ಗ ಹರಿಯುವುದು.

ಶೀಟ್‌ನ ತುದಿಗೆ ಫಿಗರ್ ಆಫ್ ಎಯ್ಟ್ ಹಾಕುವುದು ಎಲ್ಲರಿಗೂ ಗೊತ್ತು. (ಶೀಟ್ ಎಂದರೆ ಬಟ್ಟೆಯಲ್ಲ, ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗ. ಹೊಸಬರು ಪ್ರತಿ ವರ್ಷ ಕೇಳುತ್ತಾರೆ.) ಹಗ್ಗ ರಾಟೆಯಿಂದ ಪೂರ್ತಿ ಕಳಚಿ ಹೋಗದಿರಲಿ ಎಂದು ಹಾಕುವ ತಡೆಗಂಟು. ಸಾದಾ ಒಂಟಿಗಂಟೂ ತಡೆಯುತ್ತದೆ, ಆದರೆ ಒದ್ದೆಯಾಗಿ ಬಿಗಿದರೆ ಕಗ್ಗಂಟಾಗಿ ಕೂತುಬಿಡುತ್ತದೆ. ಎಂಟರ ಆಕಾರದ್ದನ್ನು ಹಿಂದುಮುಂದು ಮಡಿಚಿದರೆ ಸಡಿಲಾಗುತ್ತದೆ. ದೊಡ್ಡ ದೋಣಿಗಳ ಸ್ಪಿನೇಕರ್ (ಮುಂದೆ ಉಬ್ಬಿ ನಿಲ್ಲುವ ದೊಡ್ಡ ಹಾಯಿ) ಶೀಟ್‌ಗೆ ಮಾತ್ರ ತಡೆಗಂಟು ಹಾಕುವ ವಾಡಿಕೆಯಿಲ್ಲ. ಆ ಹಾಯಿ ಹತೋಟಿ ತಪ್ಪಿದರೆ ಹಗ್ಗ ಪೂರ್ತಿ ಓಡಿಹೋಗಲಿ, ದೋಣಿ ಉಳಿಯಲಿ ಎಂದು. ಅಲ್ಲೂ ಪುಟ್ಟಿಯ ಪ್ರಶ್ನೆಯೇ.

ಕ್ಲೀಟ್‌ನಲ್ಲೂ ಅದೇ. ಹಗ್ಗ ಸುತ್ತಿ ನಿಲ್ಲಿಸಲು ಹಾಕಿರುವ ಎರಡು ಕೊಂಬಿನ ಗೂಟ ಅದು. ಎರಡು ಕೊಂಬಿನಲ್ಲಿ ದೂರದ ಕೊಂಬಿಗೆ ಹಗ್ಗ ಮೊದಲು ಹೋಗಬೇಕು, ಬುಡಕ್ಕೆ ಒಂದು ಪೂರ್ತಿ ಸುತ್ತು, ಆಮೇಲೆ ಎಂಟರ ಆಕಾರದಲ್ಲಿ ಒಂದೋ ಎರಡೋ ಸಲ, ಕೊನೆಗೆ ಬಾಲವನ್ನು ತನ್ನದೇ ಅಡಿಗೆ ಸಿಕ್ಕಿಸುವ ಒಂದೇ ಒಂದು ಬೀಗದ ಸುತ್ತು. ಹತ್ತಿರದ ಕೊಂಬಿನಿಂದ ಶುರುಮಾಡಿದರೆ, ಅಥವಾ ಬುಡದ ಸುತ್ತು ಬಿಟ್ಟರೆ, ಭಾರವೆಲ್ಲ ಬೀಗದ ಸುತ್ತಿಗೇ ಬಂದು ಅದು ಕಚ್ಚಿಕೊಳ್ಳುತ್ತದೆ. ಹತ್ತಿ, ಸೆಣಬಿನ ಹಗ್ಗಗಳ ಕಾಲದಲ್ಲಿ ಹಾಯಿ ಏರಿಸುವ ಹಗ್ಗಕ್ಕೆ ಬೀಗ ಹಾಕುತ್ತಲೇ ಇರಲಿಲ್ಲ. ಒದ್ದೆಯಾದರೆ ಅವು ಕುಗ್ಗುತ್ತವೆ, ಆಮೇಲೆ ಹಾಯಿ ಇಳಿಸಲು ಬಿಡುವುದಿಲ್ಲ.

ಆಪ್ಟಿಮಿಸ್ಟ್‌ಗಳನ್ನು ಸಾಲಾಗಿ ಎಳೆದು ತರುವಾಗ ದೋಣಿಯನ್ನು ಎಳೆಯುವ ಹಗ್ಗವನ್ನು ಮಗು ಮಾಸ್ಟ್ ನಿಲ್ಲುವ ಅಡ್ಡಹಲಗೆಗೆ ಸುತ್ತಿ ಬಾಲವನ್ನು ಕೈಯಲ್ಲಿ ಹಿಡಿದು ಕೂರುತ್ತದೆ, ಗಂಟು ಹಾಕುವುದೇ ಇಲ್ಲ. ದೋಣಿ ಮಗುಚಿತೆಂದರೆ ಕೈ ಬಿಟ್ಟರಾಯಿತು. ದೋಣಿಯದೇ ಮುಂದಿನ ಹಗ್ಗ, 5 ಮಿಲಿಮೀಟರ್‌ಗೆ ಕಡಿಮೆಯಿಲ್ಲದ ದಪ್ಪ, 8 ಮೀಟರ್‌ಗೆ ಕಡಿಮೆಯಿಲ್ಲದ ಉದ್ದ, ನೀರಲ್ಲಿ ತೇಲುವಂಥದ್ದು, ಅದು ಮಾತ್ರ ದೋಣಿಯ ಕಡೆ ಬೋಲೈನ್‌ನಿಂದ ಭದ್ರವಾಗಿರಬೇಕು. ಒಂದು ತುದಿ ಎಂದೂ ಬಿಚ್ಚದ ಹಾಗೆ, ಇನ್ನೊಂದು ತುದಿ ಬೇಕೆಂದಾಗ ಬಿಡುವ ಹಾಗೆ.

ಹನ್ನೊಂದೂವರೆ. ಮಳೆ ಮತ್ತೆ ಶುರುವಾಯಿತು. ಪುಟ್ಟಿ ಮಲಗುವ ಮುಂಚೆ ಇನ್ನೊಂದು ಕೇಳಿದಳು: "ಕಂಬಕ್ಕೆ ಬಿಟ್ಟು ಹಗ್ಗಕ್ಕೇ ಹಗ್ಗ ಕಟ್ಟಬೇಕಾದ್ರೆ?" ಅದಕ್ಕೆ ರೋಲಿಂಗ್ ಹಿಚ್. ಬಿಗಿದು ಸಿಕ್ಕಿಕೊಂಡ ಹಗ್ಗದ ಮೇಲೆ ಇನ್ನೊಂದು ಹಗ್ಗದಿಂದ ಇದನ್ನು ಹಾಕಿ, ಭಾರವನ್ನು ಅದಕ್ಕೆ ವರ್ಗಾಯಿಸಿ, ಮೊದಲಿನದನ್ನು ಆರಾಮಾಗಿ ಬಿಡಿಸಬಹುದು. ಎರಡು ಸುತ್ತು ಎಳೆತ ಇರುವ ಕಡೆಗೆ, ಪ್ರತಿ ಸುತ್ತೂ ತನ್ನದೇ ಮೈಯನ್ನು ದಾಟಿಕೊಂಡು, ಆಮೇಲೆ ಆಚೆ ಪಕ್ಕದಲ್ಲಿ ಒಂದು ಅರ್ಧಗಂಟು. ಸುತ್ತುಗಳು ತಪ್ಪು ಕಡೆಗೆ ಬಿದ್ದರೆ ಹಿಡಿಯುವುದಿಲ್ಲ, ಜಾರುತ್ತದೆ. ನಾಳೆ ಇದನ್ನು ಹಗ್ಗದ ಮೇಲೇ ತೋರಿಸುವುದೋ, ಮಾಸ್ಟಿನ ಮೇಲೆ ತೋರಿಸುವುದೋ... ಮಾಸ್ಟ್ ನುಣುಪು, ಅಲ್ಲಿ ಇನ್ನೊಂದು ಸುತ್ತು ಹೆಚ್ಚು ಬೇಕಾಗುತ್ತದೆ, ಆದರೆ ಜಾರುವುದನ್ನೂ ಅವಳು ಒಮ್ಮೆ ಕಣ್ಣಾರೆ ನೋಡಲಿ ಅಂತ