ಮೂರು ಡಬ್ಬಿ

30 ವರ್ಷ ಅಲಾರಂ ಬೈದುಕೊಂಡೇ ಎದ್ದವನು ನಾನು. ಇವತ್ತು ಅದು ಹೊಡೆಯುವ ಮೊದಲೇ ಬೂಟು ಹಾಕಿ ಕೂತಿದ್ದೆ.

ಗೆಳೆಯ ಬಂದ. ಬೈಕಿನ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿದೆವು. ಲಗೇಜ್ ಜಾಸ್ತಿ ಅಲ್ವಾ, ಹಿಂದಿನ ಚಕ್ರಕ್ಕೆ ಸ್ವಲ್ಪ ಹೆಚ್ಚೇ ಬೇಕು. ಚೈನ್‌ಗೆ ಎಣ್ಣೆ ಬಿಡಲು ಕುಕ್ಕರುಗಾಲಲ್ಲಿ ಕೂತ. ಎಣ್ಣೆ ಬಿಟ್ಟಿದ್ದಾಯಿತು, ಏಳಲು ಆಗಲಿಲ್ಲ! ಒಂದು ಕೈಲಿ ಸೀಟು, ಇನ್ನೊಂದರಲ್ಲಿ ನನ್ನ ಭುಜ ಹಿಡಿದು 'ಅಯ್ಯಪ್ಪಾ' ಅಂತ ಎದ್ದ. ನಕ್ಕೆ. ನನ್ನ ಮಂಡಿ ಕಥೆಯೂ ಅದೇ, ಅದು ಬೇರೆ ಮಾತು.

ಅವನ ಬ್ಯಾಗಿನಲ್ಲಿ ಸ್ಪಾನರ್, ಪಂಕ್ಚರ್ ಕಿಟ್. ಪಕ್ಕದಲ್ಲೇ ಏಳು ಖಾನೆಯ ಮಾತ್ರೆ ಡಬ್ಬಿ, ಸೋಮವಾರದಿಂದ ಭಾನುವಾರದವರೆಗೆ.

"ವಾಪಸ್ ಯಾವಾಗ ಬರೋದು ಮಾರಾಯ?" ಅಂದೆ.

ಮಾತಾಡಲಿಲ್ಲ. ಇನ್ನೊಂದು ಡಬ್ಬಿ ತೆಗೆದ. ಆಮೇಲೆ ಮತ್ತೊಂದು.

ನಾನು ಸುಮ್ನೆ ಒಳಗೆ ಹೋಗಿ ಇನ್ನೆರಡು ಜೊತೆ ಸಾಕ್ಸ್ ತಂದೆ.