‘ಯಾವ ಕಲೆ ಮೇಡಂ, ಅಡಿಕೇದಾ ಎಣ್ಣೇದಾ?’: ಇಪ್ಪತ್ಮೂರು ರೆಕಾರ್ಡಿಂಗ್ ಆದ ಮೇಲೆ

ಈ ವಾರಕ್ಕೆ ರೆಕಾರ್ಡಿಂಗ್ ಇಪ್ಪತ್ಮೂರಾಯಿತು. ಒಟ್ಟು 19 ಗಂಟೆ 40 ನಿಮಿಷ. ಅದರಲ್ಲಿ ಕೂತು ಬರೆದಿಳಿಸಿದ್ದು 14 ಮಾತ್ರ. ಇನ್ನೂ ಒಂದಿತ್ತು. ಮಾತಾಡಿದವರು ಮಾರನೇ ದಿನ ಫೋನ್ ಮಾಡಿ "ಬೇಡಮ್ಮ, ಮನೇಲಿ ಬೈತಾರೆ" ಅಂದರು. ಅಳಿಸಿ ಹಾಕಿದೆ, ಅದು ಲೆಕ್ಕಕ್ಕಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಜನವರಿಯಿಂದ ರಜೆ ಸಿಕ್ಕಾಗಲೆಲ್ಲ ಅಂಗೈಯಗಲದ ಝೂಮ್ ರೆಕಾರ್ಡರ್ ಒಂದನ್ನು ಹಿಡಿದುಕೊಂಡು ಜನರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳುತ್ತಿದ್ದೇನೆ. ಈ ಕಾಲದಲ್ಲಿ ಕಲೆ ಅಂದರೆ ಏನು? ಮನುಷ್ಯ ಅಂದರೆ ಏನು? ಇದೆಲ್ಲ ಶುರುವಾದದ್ದು ಆಫೀಸಿನಲ್ಲಿ ಊಟದ ಹೊತ್ತಿನ ಒಂದು ಜಗಳದಿಂದ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಮಗಳ ಹುಟ್ಟುಹಬ್ಬದ ಕರೆಯೋಲೆಗೆ ಎಐ ಕೈಲಿ ಚಿತ್ರ ಮಾಡಿಸಿ ತಂದು ತೋರಿಸಿದ. ಚೆನ್ನಾಗಿಯೇ ಇತ್ತು. "ಇನ್ಮೇಲೆ ಆರ್ಟಿಸ್ಟ್‌ಗಳೆಲ್ಲ ಮನೆಗೆ" ಅಂದ. ನಾನು ಜಗಳಕ್ಕೆ ನಿಂತೆ. "ಹಾಗಾದರೆ ಕಲೆ ಅಂದ್ರೇನು ಹೇಳು" ಅಂದ. ನನ್ನ ಬಾಯಿಗೆ ಬಂದದ್ದು ಹೈಸ್ಕೂಲಿನ ಪ್ರಬಂಧದ ಸಾಲು. ಅವನು ನಗುತ್ತಾ ಮೊಸರನ್ನ ಕಲಸಿದ.

ಜನವರಿ, ಚಿತ್ರಸಂತೆ

ಮೊದಲ ದಿನವೇ ಹನ್ನೆರಡು ಜನರನ್ನು ಮಾತಾಡಿಸಿದೆ, ಹನ್ನೆರಡೂ ವ್ಯರ್ಥ. ತಪ್ಪು ಅವರದಲ್ಲ, ನನ್ನದು. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಸಂತೆ ಅದು. ಊರೂರಿನ ಚಿತ್ರಗಾರರು ಫುಟ್‌ಪಾತಿಗೆ ಒರಗಿಸಿ ಚಿತ್ರ ಮಾರುತ್ತಿರುತ್ತಾರೆ, ಜನ ಜಾತ್ರೆಯ ಹಾಗೆ ತಳ್ಳಾಡಿಕೊಂಡು ಹೋಗುತ್ತಿರುತ್ತಾರೆ. ಅಲ್ಲಿ ಬಿಸಿಲಲ್ಲಿ ನಿಂತು ಕ್ಯಾನ್ವಾಸ್ ಮಾರುವವರ ಬಾಯಿಗೆ ರೆಕಾರ್ಡರ್ ಹಿಡಿದು "ಕಲೆ ಎಂದರೇನು" ಅಂದರೆ ಇನ್ನೇನು ಬರುತ್ತದೆ? "ಭಾವನೆಗಳ ಅಭಿವ್ಯಕ್ತಿ." ಹನ್ನೆರಡರಲ್ಲಿ ಒಂಬತ್ತು ಜನ ಇದನ್ನೇ ಹೇಳಿದರು. ಮನುಷ್ಯ ಅಂದರೆ? "ವಿಶ್ವಮಾನವ." ಅದು ಏಳು ಜನ. ಒಬ್ಬರು ಮಾತ್ರ ನನ್ನನ್ನೇ ಕೇಳಿದರು, "ನೀವು ತಗೊಳ್ತೀರಾ ಇಲ್ವಾ ಹೇಳಿ, ಹಿಂದೆ ಗಿರಾಕಿ ನಿಂತಿದ್ದಾರೆ." ಆ ದಿನದ ಅತ್ಯಂತ ನಿಜವಾದ ಮಾತು ಅದು. ರೆಕಾರ್ಡ್ ಆಗಲಿಲ್ಲ, ಗುಂಡಿ ಒತ್ತೋದು ಮರೆತಿದ್ದೆ.

ಫೆಬ್ರವರಿ, ಇಸ್ತ್ರಿ ಅಂಗಡಿ

ಕೆಲಸ ದಾರಿಗೆ ಬಂದದ್ದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ. ತಳ್ಳುಗಾಡಿ, ಮೇಲೊಂದು ನೀಲಿ ಟಾರ್ಪಾಲು, ಇದ್ದಿಲ ಪೆಟ್ಟಿಗೆ. ಕೇಳಿದೆ, "ಅಣ್ಣಾ, ನಿಮ್ಮ ಪ್ರಕಾರ ಕಲೆ ಅಂದ್ರೇನು?"

"ಯಾವ ಕಲೆ ಮೇಡಂ, ಅಡಿಕೇದಾ ಎಣ್ಣೇದಾ?"

ಅರ್ಧ ನಿಮಿಷ ನಕ್ಕಿದ್ದು ನಾನೊಬ್ಬಳೇ. ಅವರು ಗಂಭೀರವಾಗಿ ಮುಂದುವರಿಸಿದರು. ಎಣ್ಣೆ ಕಲೆ ಹೋಗುತ್ತೆ. ಅರಿಶಿನದ್ದು ಬಿಸಿಲಿಗೆ ಹಾಕಿದರೆ ತಾನೇ ಮಾಸುತ್ತೆ. ಬಾಳೆಕಾಯಿದು ಬಟ್ಟೆ ಸಾಯೋ ತನಕ ಇರುತ್ತೆ. "ಕಲೆ ಇರೋ ಬಟ್ಟೆಗೆ ಬಿಸಿ ಪೆಟ್ಟಿಗೆ ಇಡಬಾರದು ಮೇಡಂ. ಶಾಖಕ್ಕೆ ಕೂತ್ಕೊಂಡುಬಿಡುತ್ತೆ. ಅದಕ್ಕೆ ಮೊದಲು ಕೈಯಲ್ಲಿ ಸವರಿ ನೋಡ್ತೀನಿ, ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತೆ." ಅಷ್ಟು ಹೇಳಿ ನನ್ನ ಕುರ್ತಾದ ತೋಳು ಎತ್ತಿ ತೋರಿಸಿದರು. ಅಲ್ಲೊಂದು ಕಲೆ ಇತ್ತು, ನನಗೇ ಗೊತ್ತಿರಲಿಲ್ಲ.

ಕನ್ನಡದಲ್ಲಿ ಇದೊಂದು ತಮಾಷೆ. ಹದಿನಾರು ಕಲೆಗಳ ಚಂದ್ರ, ಅವನ ಮುಖದ ಮೇಲೆ ಮತ್ತೊಂದು ಕಲೆ. ಬರೆಯುವುದು ಒಂದೇ ಥರ. ಆದರೆ ಮನೆಗೆ ಬಂದು ರೆಕಾರ್ಡಿಂಗ್ ಮತ್ತೆ ಕೇಳಿದಾಗ ಗೊತ್ತಾಯಿತು, ನಾನು ‘ಕಲೆ’ ಅಂದ ಕೂಡಲೇ ಜನ ಎದ್ದು ನಿಂತು ಭಾಷಣ ಶುರು ಮಾಡುತ್ತಾರೆ. ಅವರು ದಿನಾ ಮಾಡುವುದಕ್ಕೆ ಅವರಿಟ್ಟ ಹೆಸರು ಕೆಲಸ, ಕಸುಬು. ಅವತ್ತೇ ಪ್ರಶ್ನೆ ಬದಲಾಯಿಸಿದೆ. ಈಗ ನಾನು ಕೇಳುವುದು ಇಷ್ಟೇ: ಈ ಕೆಲಸ ಸರಿಯಾಗಿ ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಕೆಟ್ಟಿತು ಅಂತ ಹೇಗೆ ಗೊತ್ತಾಗುತ್ತೆ?

ಮನುಷ್ಯನ ಪ್ರಶ್ನೆಗೆ ಇನ್ನೂ ಒಳ್ಳೆಯ ರೂಪ ಸಿಕ್ಕಿಲ್ಲ. ಅದನ್ನು ಹಾಗೇ ಹಸಿಹಸಿಯಾಗಿ ಕೇಳುತ್ತಿದ್ದೇನೆ.

ಮಾರ್ಚ್, ಚನ್ನಪಟ್ಟಣ

ಎರಡು ಶನಿವಾರ ಹೋದೆ. ಗೊಂಬೆಗೆ ಬಳಸುವುದು ಹಾಲೆ ಮರ, ಬೆಳ್ಳಗೆ, ಮೆತ್ತಗೆ. ಕಡಿದ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಏರಿಸುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆ ಗರಿ ಒತ್ತಿ ಹೊಳಪು ಕೊಡುತ್ತಾರೆ. 2005ರ ಸುಮಾರಿಗೇ ಜಿಐ ಗುರುತು, ಅಂದರೆ ಇದು ಇದೇ ಊರಿನದು ಅನ್ನುವ ಸರ್ಕಾರಿ ಮುದ್ರೆ, ಸಿಕ್ಕ ಕೆಲಸ. ಇದನ್ನೆಲ್ಲ ಓದಿಕೊಂಡು ಹೋಗಿದ್ದೆ. ಓದಿದ್ದರಲ್ಲಿ ಇರದಿದ್ದದ್ದು ವಾಸನೆ, ಅರಗು ಕರಗುವಾಗ ಬರುವ ಸುಟ್ಟ ಬೆಲ್ಲದಂಥ ವಾಸನೆ. ಮರದ ಪುಡಿ ರೆಕಾರ್ಡರಿನ ಮೈಕಿನೊಳಗೂ ಹೋಯಿತು.

ಅಲ್ಲಿಯ ಹಿರಿಯರೊಬ್ಬರು ಕುಂಕುಮದ ಭರಣಿ ಮಾಡುತ್ತಿದ್ದರು. ‘ಆರ್ಟ್’ ಅಂದದ್ದಕ್ಕೆ "ಆರ್ಟ್ ಶೋರೂಮಲ್ಲಿ ಇರೋದು ಬೇಟಿ, ಇದು ಕೆಲಸ" ಅಂದರು. ಸರಿ ಬಂತು ಅಂತ ಹೇಗೆ ಗೊತ್ತಾಗುತ್ತೆ? ಮಾತಾಡಲಿಲ್ಲ. ಭರಣಿಯ ಮುಚ್ಚಳವನ್ನು ಬಾಯಿಗೆ ಇಟ್ಟು ಕೈ ಬಿಟ್ಟರು. ಮುಚ್ಚಳ ಒಂದು ಕ್ಷಣ ಮೇಲೇ ನಿಂತಿತು. ಒಳಗಿನ ಗಾಳಿ ಮೆಲ್ಲಗೆ ಹೊರಗೆ ಹೋದ ಹಾಗೆ ಅದು ತಾನಾಗಿ ಇಳಿಯಿತು, ಕೊನೆಗೆ ‘ಟಕ್’ ಅಂತ ಕೂತಿತು. "ಒತ್ತಿದ್ರೆ ಬಿಗಿ. ಬಿದ್ರೆ ಸಡಿಲ. ತಾನೇ ಕೂರಬೇಕು." ನನಗೆ ತೋರಿಸಲೆಂದು ಇನ್ನೊಂದು ಭರಣಿ ತೆಗೆದರು. ಅದರ ಮುಚ್ಚಳ ಟಪ್ಪನೆ ಬಿತ್ತು. "ಇದು ನನ್ನ ಮಗ ಮಾಡಿದ್ದು" ಅಂದು ನಕ್ಕರು. ಮಗ ಪಕ್ಕದಲ್ಲೇ ಇದ್ದ, ಅವನೂ ನಕ್ಕ. ರೆಕಾರ್ಡಿಂಗಿನಲ್ಲಿ ಆ ‘ಟಕ್’ ಬಹಳ ಚೆನ್ನಾಗಿ ಬಂದಿದೆ, ಆರು ಸಲ ಕೇಳಿದ್ದೇನೆ.

ಮೈಸೂರು ರಸ್ತೆಯ ಬೋರ್ಡು ಬರೆಯುವವರು

ಇವರ ಜೊತೆ ಕೂತದ್ದು ಅತಿ ಹೆಚ್ಚು ಹೊತ್ತು, ಮೂರು ಭೇಟಿ. ನಲವತ್ತು ವರ್ಷದ ಕಸುಬು. ಫ್ಲೆಕ್ಸ್ ಬಂದು ಹೊಡೆತ ಬಿತ್ತು. 2018ರಲ್ಲಿ ಹೈಕೋರ್ಟಿನ ಚಾಟಿಗೆ ಬೆಂಗಳೂರಿನ ಫ್ಲೆಕ್ಸ್‌ಗಳೆಲ್ಲ ಇಳಿದಾಗ ಮತ್ತೆ ಕೆಲಸ ಸಿಗುತ್ತೆ ಅಂದುಕೊಂಡರು. ಹೆಚ್ಚೇನೂ ಸಿಗಲಿಲ್ಲ. 2024ರಲ್ಲಿ ಅಂಗಡಿ ಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ ಅಂದಾಗ ಹೊಸ ಬ್ರಶ್ಶೇ ತಂದಿಟ್ಟುಕೊಂಡಿದ್ದರಂತೆ. ಅಂಗಡಿಯವರು ಸ್ಟಿಕ್ಕರ್ ಅಂಟಿಸಿ ಕೈ ತೊಳೆದುಕೊಂಡರು.

ಬೋರ್ಡು ಕೆಡುವುದು ಹೇಗೆ ಅಂತ ಕೇಳಿದೆ. ಚಾಕ್ ಪುಡಿ ಹಚ್ಚಿದ ದಾರವನ್ನು ತಗಡಿನ ಮೇಲೆ ಎಳೆದು ಚಿಮ್ಮಿಸಿದರು, ಬಿಳಿ ಗೆರೆ ಮೂಡಿತು. ಕೆಳಗೆ ಇನ್ನೊಂದು, ಅದರ ಕೆಳಗೆ ಮೂರನೆಯದು. "ಇಂಗ್ಲಿಷಿಗೆ ಎರಡು ಗೆರೆ ಸಾಕು. ನಮ್ಮದಕ್ಕೆ ಒತ್ತಕ್ಷರಕ್ಕೆ ಜಾಗ ಬೇಕು. ಹೊಸಬರು ಮರೆಯೋದು ಅಲ್ಲೇ. ‘ಲಕ್ಷ್ಮೀ’ ಅಂತ ಬರೆಯೋಕೆ ಹೋಗ್ತಾರೆ, ಅಡಿಯ ಒತ್ತು ಬೋರ್ಡಿಂದ ಆಚೆ ಹೋಗುತ್ತೆ." ಆಮೇಲೆ ‘ಶ್ರೀ’ ಅಂತ ಎರಡು ಸಲ ಬರೆದರು. ಒಂದರ ಬಾಲ ದುಂಡಗೆ ಸುತ್ತಿಕೊಂಡು ಬಂತು, ಇನ್ನೊಂದರದ್ದು ಚೂಪಾಗಿ ಮೇಲಕ್ಕೆ ಹಾರಿತು. "ಇದು ದೇವಸ್ಥಾನದ್ದು. ಇದು ಲಾರಿಗೆ. ಕಂಪ್ಯೂಟರಿಗೆ ಎಲ್ಲಾ ಶ್ರೀನೂ ಒಂದೇ."

ಎದುರು ಪಕ್ಷದ ಮಾತೂ ಹೇಳಬೇಕು. ಅದೇ ರಸ್ತೆಯಲ್ಲಿ ಪ್ರಿಂಟಿಂಗ್ ಅಂಗಡಿಯ ಹುಡುಗನೊಬ್ಬ ಗಣೇಶನ ಹಬ್ಬಕ್ಕೆ ಎಐ ಬಳಸಿ ಬ್ಯಾನರ್ ಮಾಡುತ್ತಾನೆ. ಅವನನ್ನು ಖಳನಾಯಕ ಮಾಡುವ ಆಸೆಯಿಂದಲೇ ಹೋದೆ ಅಂತ ಒಪ್ಪಿಕೊಳ್ಳುತ್ತೇನೆ. ಅವನು ಪರದೆಯ ಮೇಲೆ ಒಂದು ಗಣಪನನ್ನು ತೋರಿಸಿ "ಇದರಲ್ಲಿ ತಪ್ಪೇನು ಹೇಳಿ ಅಕ್ಕಾ" ಅಂದ. ನನಗೆ ಕಾಣಲಿಲ್ಲ. "ದಂತ ಎರಡೂ ಪೂರ್ತಿ ಇದೆ. ಏಕದಂತ ಅಲ್ವಾ ಅವನು? ಸೊಂಡಿಲು ಬಲಕ್ಕೆ ತಿರುಗಿದೆ. ಬಲಮುರಿ ಹಾಕಿ ಕೊಟ್ರೆ ಸಂಘದವರು ನನ್ನ ಬಿಡಲ್ಲ, ಅದಕ್ಕೆ ಮಡಿ ಜಾಸ್ತಿ. ಇಲಿ ನೋಡಿ, ಬೆಕ್ಕಿನ ಥರ ಇದೆ. ಕನ್ನಡ ಅಕ್ಷರ ಅಂತೂ ಕೇಳಲೇಬೇಡಿ, ಕೋಳಿ ಕೆದರಿದ ಹಾಗೆ ಬರುತ್ತೆ." ಒಂದು ದಂತ ಮುರಿಯೋಕೆ ಅವನಿಗೆ ಇಪ್ಪತ್ತು ನಿಮಿಷ ಬೇಕಾಯಿತು, ಮೌಸ್ ಹಿಡಿದು ಒಂದೊಂದೇ ಚುಕ್ಕೆ. ಸರಿ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂದೆ. "ಅಮ್ಮಂಗೆ ವಾಟ್ಸಾಪಲ್ಲಿ ಕಳಿಸ್ತೀನಿ. ಅವಳು ಕೈ ಮುಗಿಯೋ ಇಮೋಜಿ ಹಾಕಿದ್ರೆ ಪ್ರಿಂಟ್." ಆಫೀಸಿನ ಜಗಳದಲ್ಲಿ ಇವನನ್ನು ಯಾವ ಕಡೆ ನಿಲ್ಲಿಸುವುದೋ ನನಗೆ ಇನ್ನೂ ತಿಳಿದಿಲ್ಲ.

ಹೊಸಪೇಟೆ ಕಡೆ

ಮದುವೆಗೆ ಹೋದವಳು ಒಂದು ದಿನ ಉಳಿದುಕೊಂಡೆ. ಎಲ್ಲಮ್ಮನ ಪದ ಹಾಡುವ ಜೋಗತಿಯೊಬ್ಬರನ್ನು ಪರಿಚಯದವರು ಮಾತಾಡಿಸಿಕೊಟ್ಟರು. ಜೋಗತಿಯರು ಅಂದರೆ ದೇವಿಗೆ ಮುಡಿಪಾದವರು, ಅವರಲ್ಲಿ ಹಲವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು. ಆ ಸೀಮೆಯವರೇ ಆದ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು, 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದು, ಇದನ್ನು ತಮ್ಮ ಮನೆಯ ಸುದ್ದಿಯ ಹಾಗೆ ಹೇಳಿದರು. ಚೌಡಿಕೆಯ ತಂತಿ ಬಿಗಿ ಮಾಡುತ್ತಾ ಕೂತಿದ್ದರು. ಪದ ಸರಿ ಬಂದದ್ದು ಗೊತ್ತಾಗೋದು ಹೇಗೆ? "ಹೆಣ್ಮಕ್ಕಳು ಕಣ್ಣೀರ ಒರಸ್ಕೊಂತಾರಲ್ಲ, ಆಗ." ಮನುಷ್ಯ ಅಂದರೆ?

"ಬಸ್ಸಿನ್ಯಾಗ ನನ್ನ ಮಗ್ಗಲ ಸೀಟ್ ಖಾಲಿ ಇರತೈತಿ ತಂಗಿ. ಮಂದಿ ನಿಂತಿರ್ತಾರ. ಯಾರರ ಕುಂತ್ರ, ಅವ್ರು."

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಆ ರೆಕಾರ್ಡಿಂಗ್ 4 ನಿಮಿಷದ್ದು. ಇದ್ದುದರಲ್ಲೇ ಚಿಕ್ಕದು.

ಬರೆದಿಳಿಸುವ ಗೋಳು

ಒಂದು ಗಂಟೆಯ ಮಾತಿಗೆ ನನಗೆ ಆರು ಗಂಟೆ ಹಿಡಿಯುತ್ತದೆ. ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಟಿವಿ ವಾರ್ತೆಯ ಕನ್ನಡ ಬಂದರೆ ಪರವಾಗಿಲ್ಲ. ‘ಹಾಲೆ ಮರ’ವನ್ನು ‘ಹಾಲು ಮಾರ’ ಮಾಡಿತು. ಹೊಸಪೇಟೆಯ ‘ಮಗ್ಗಲ’ ‘ಮಕ್ಕಳ’ ಆಯಿತು, ಇಡೀ ವಾಕ್ಯದ ಅರ್ಥವೇ ಹಾರಿ ಹೋಯಿತು. ಹಾಗಾಗಿ ಕೈಯಲ್ಲೇ ಬರೆಯುತ್ತಿದ್ದೇನೆ. ಕುಕ್ಕರಿನ ಕೂಗು, ಹಾರ್ನು, ಕೆಮ್ಮು ಎಲ್ಲವನ್ನೂ ಗುರುತು ಹಾಕುತ್ತೇನೆ. ಇದರಿಂದ ಏನು ಉಪಯೋಗ ಅಂತ ಅಮ್ಮ ಕೇಳುತ್ತಾರೆ, ಉತ್ತರ ಇಲ್ಲ.

ಹದಿನೇಳನೇ ಫೈಲು

ಇದು ಏಪ್ರಿಲಿನದ್ದು. ಕೊನೆಗೆ ಇಟ್ಟುಕೊಂಡದ್ದು ಬರೆದಿಳಿಸಲು ಇನ್ನೂ ಧೈರ್ಯ ಬಂದಿಲ್ಲ ಅಂತ. ಪುತ್ತೂರಿನ ಹತ್ತಿರ ತೆಂಕುತಿಟ್ಟಿನ, ಅಂದರೆ ಕರಾವಳಿಯ ತೆಂಕಣ ಶೈಲಿಯ ಯಕ್ಷಗಾನ ಮೇಳವೊಂದರ ಬಯಲಾಟ. ರಾಕ್ಷಸ ಪಾತ್ರದ ಬಣ್ಣದ ವೇಷದವರೊಬ್ಬರನ್ನು ಮಾತಾಡಿಸಬೇಕು ಅಂತ ಸಂಜೆಯೇ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಅನುಮತಿ ಕೇಳಿದ್ದೆ. "ಬನ್ನಿ, ಕೂತ್ಕೊಳ್ಳಿ, ಮಾತಾಡುವ" ಅಂದಿದ್ದರು. ನಾನು ರೆಕಾರ್ಡರ್ ಇಟ್ಟು ಕೂತೆ. ಅವರು ಎದುರಿಗೆ ಕನ್ನಡಿ ಒರಗಿಸಿಕೊಂಡು, ಚಕ್ಕಳಮಕ್ಕಳ ಕೂತು ಬಣ್ಣ ಶುರು ಮಾಡಿದರು. ಯಕ್ಷಗಾನದಲ್ಲಿ ಬಣ್ಣ ಅವರವರೇ ಹಚ್ಚಿಕೊಳ್ಳುವುದು. ಆಮೇಲೆ ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡತೊಡಗಿದರು. ಅದಕ್ಕೆ ಚಿಟ್ಟಿ ಅನ್ನುತ್ತಾರೆ. ಒಂದರ ಮೇಲೊಂದು ಇಟ್ಟು ಇಟ್ಟು ಅದು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಮೊದಲ ಪ್ರಶ್ನೆ ಕೇಳಿದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ಮಾತಾಡಿದರೆ ಚಿಟ್ಟಿ ಬಿರಿಯುತ್ತದೆ. ನನ್ನ ದಡ್ಡತನ.

ಎರಡೂವರೆ ಗಂಟೆ ಹಾಗೇ ಕೂತಿದ್ದೆ. ಹೊರಗೆ ಚೆಂಡೆ, ಭಾಗವತರ ಹಾಡು, ಒಳಗೆ ಯಾರೋ ಗೆಜ್ಜೆ ಕಟ್ಟುವ ಸದ್ದು. ಅವರು ಎದ್ದು, ಕಿರೀಟ ಕಟ್ಟಿಸಿಕೊಂಡು ಹೋದರು. ರೆಕಾರ್ಡರ್ ಅಲ್ಲೇ ಬಿಟ್ಟು ನಾನೂ ನೋಡಲು ಓಡಿದೆ.

ವೇಷ ಮುಗಿಸಿ ಬಂದು, ತೆಂಗಿನೆಣ್ಣೆ ಸವರಿ ಬಣ್ಣ ತೆಗೆಯುತ್ತಾ "ಈಗ ಕೇಳಿ ಮಾರಾಯ್ರೆ" ಅಂದರು. ಹನ್ನೊಂದು ನಿಮಿಷ ಮಾತಾಡಿದರು. "ಮೊದಲೆಲ್ಲ ಬಣ್ಣದ ವೇಷ ಬರುವಾಗ ಮಲಗಿದ ಮಕ್ಕಳು ಎದ್ದು ಕೂಗ್ತಿದ್ರು. ಅದೇ ನಮಗೆ ಲೆಕ್ಕ. ಈಗ ಎಲ್ಲರೂ ಮೊಬೈಲ್ ಎತ್ತುದು. ಮೊನ್ನೆ ಒಂದು ಮಗು ಕೂಗಿತು ನೋಡಿ, ನನಗೆ ಖುಷಿಯೇ ಆಯ್ತು. ಆಟ ಮುಗಿದ ಮೇಲೆ ಅದರ ಅಪ್ಪ ಎತ್ತಿಕೊಂಡು ಚೌಕಿಗೆ ಬಂದ್ರು, ನೋಡು ಮನುಷ್ಯನೇ ಅಂತ ತೋರಿಸ್ಲಿಕ್ಕೆ. ನಾನು ಅರ್ಧ ಬಣ್ಣ ತೆಗ್ದಿದ್ದೆ. ಈ ಕಡೆ ರಾಕ್ಷಸ, ಈ ಕಡೆ ನಾನು. ಮತ್ತೂ ಜೋರು ಕೂಗಿತು!"

ಫೈಲಿನ ಉದ್ದ 3 ಗಂಟೆ 52 ನಿಮಿಷ. ಮಾತು ಇರುವುದು ಕೊನೆಯ ಹನ್ನೊಂದು ನಿಮಿಷ. ಜಾಗ ಉಳಿಸಲು ಅದಕ್ಕೆ ಮುಂಚಿನದನ್ನು ಕತ್ತರಿಸೋಣ ಅಂತ ಎರಡು ಸಲ ಕೂತೆ. ಕತ್ತರಿಸಿಲ್ಲ, ಹೊಸ ಮೆಮೊರಿ ಕಾರ್ಡ್ ತಂದಿದ್ದೇನೆ. ಮುಂದಿನ ತಿಂಗಳು ತೊಗಲುಗೊಂಬೆಯವರನ್ನು ಹುಡುಕಿಕೊಂಡು ಕೊಪ್ಪಳದ ಕಡೆ ಹೋಗುವುದಿದೆ, ಬಸ್ ಟಿಕೆಟ್ ಇನ್ನೂ ಆಗಿಲ್ಲ.