ನಿಂಬೆ ಎಣ್ಣೆ ಮನೆಗೆ ಇರಲಿ, ಮುಖಕ್ಕೆ ಬೇಡ

ಈಗ ಕಲಬುರಗಿಯಲ್ಲಿ ಯಾವ ಫ್ಯಾನ್ಸಿ ಸ್ಟೋರಿಗೆ ಹೋದರೂ ಸಣ್ಣ ಸಣ್ಣ ಕಂದು ಬಾಟಲಿಗಳು ಸಾಲಾಗಿ ಕೂತಿರುತ್ತವೆ. ನಿಂಬೆಯ ಎಸೆನ್ಶಿಯಲ್ ಆಯಿಲ್ ಅಂತೂ ಇದ್ದೇ ಇರುತ್ತದೆ. ಹುಡುಗಿಯರು ಬಂದು "ಅಕ್ಕಾ, ಇದು ಹಚ್ಚಿದ್ರ ಮುಖ ಬೆಳ್ಳಗಾಗತೈತಂತ, ಖರೆ ಏನ್ರೀ?" ಅಂತ ನನ್ನನ್ನೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ವರ್ಷಗಳಿಂದ ಬಳಸುವ ಎಣ್ಣೆ ಇದು, ನನಗೆ ತುಂಬಾ ಇಷ್ಟ. ಅದಕ್ಕೇ ಎಲ್ಲಿ ಬಳಸಬೇಕು, ಎಲ್ಲಿ ಬೇಡ ಅಂತ ಬಿಡಿಸಿ ಹೇಳಬೇಕು ಅನ್ನಿಸಿತು.

ಈ ಎಣ್ಣೆ ರಸದಿಂದ ಬರುವುದಿಲ್ಲ, ಸಿಪ್ಪೆಯಿಂದ ಬರುತ್ತದೆ. ಸಿಪ್ಪೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮೈತುಂಬ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆ ತುಂಬಿದ ಚೀಲಗಳು. ಸಿಪ್ಪೆ ಮಡಚಿ ದೀಪದ ಪಕ್ಕ ಹಿಂಡಿದರೆ ಚಟಚಟ ಅಂತ ಕಿಡಿ ಹಾರುತ್ತದಲ್ವಾ, ಹತ್ತಿಕೊಳ್ಳುವುದು ಇದೇ ಎಣ್ಣೆ. ಹಾಗಾಗಿ ಬಾಟಲಿಯನ್ನು ಒಲೆಯಿಂದ ದೂರವೇ ಇಡಿ. ಇದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಲಿಮೋನೀನ್ ಅನ್ನುವ ವಸ್ತು. ರಸದಲ್ಲಿರುವ ಹುಳಿಯೂ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. "ವಿಟಮಿನ್ ಸಿ ಇದೆ" ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಹುಳಿ ಇಲ್ಲದಿರುವುದು ನಮ್ಮ ಕಡೆಯ ಮನೆಗಳಿಗೆ ದೊಡ್ಡ ಲಾಭ. ಹಳೇ ಮನೆಗಳಲ್ಲೆಲ್ಲ ನೆಲಕ್ಕೆ ಶಹಾಬಾದ್ ಪರಸಿ ಇರುತ್ತದೆ, ಅದು ಸುಣ್ಣದ ಕಲ್ಲು. ಅದರ ಮೇಲೆ ನಿಂಬೆ ರಸವೋ ವಿನೆಗರೋ ಬಿದ್ದರೆ ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ, ಎಷ್ಟು ತಿಕ್ಕಿದರೂ ಹೋಗಲ್ಲ. ನಿಂಬೆ ಎಣ್ಣೆಯಿಂದ ಆ ತೊಂದರೆ ಇಲ್ಲ. ಆದರೆ ಸುಮ್ನೆ ಬಕೆಟ್ ನೀರಿಗೆ ಹನಿ ಹಾಕಿದರೆ ಮೇಲೆ ತೇಲುತ್ತದೆ ಅಷ್ಟೇ, ಯಾಕೆಂದರೆ ಎಣ್ಣೆ ನೀರಿನಲ್ಲಿ ಕರಗಲ್ಲ. ಮೊದಲು ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಹತ್ತು ಹನಿ ಕಲಸಿ, ಆಮೇಲೆ ಅರ್ಧ ಬಕೆಟ್ ನೀರಿಗೆ ಹಾಕಿ ಒರೆಸಿ.

ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅಂಟು ತೆಗೆಯುವುದಕ್ಕೆ. ಹೊಸ ಸ್ಟೀಲ್ ಡಬ್ಬಿಯ ಸ್ಟಿಕ್ಕರ್ ಕಿತ್ತರೆ ಅರ್ಧ ಬರುತ್ತದೆ, ಇನ್ನರ್ಧ ಅಲ್ಲೇ ಅಂಟಿ ಕೂತು, ಅದರ ಮೇಲೆ ಧೂಳು ಹಿಡಿದು ಕಪ್ಪಾಗುತ್ತದೆ. ಹತ್ತಿಗೆ ಎರಡು ಹನಿ ಹಾಕಿ ಅದರ ಮೇಲೆ ಒತ್ತಿ, ಒಂದೆರಡು ನಿಮಿಷ ಬಿಟ್ಟು ತಿಕ್ಕಿ. ಅಂಟು ಮೊದಲು ಮೆತ್ತಗಾಗಿ, ಆಮೇಲೆ ಸಣ್ಣ ಸಣ್ಣ ಉಂಡೆಯಾಗಿ ಉರುಳಿ ಬರುತ್ತದೆ. ಆಮೇಲೆ ಸೋಪು ಹಾಕಿ ತೊಳೆದರೆ ಆಯಿತು. ಮಿರ್ಚಿ ಭಜಿ ಕರಿದು ಕರಿದು ಒಲೆ ಹಿಂದಿನ ಟೈಲ್ಸ್ ಮೇಲೆ ಕೂತ ಜಿಡ್ಡಿಗೂ ಇದೇ ಉಪಾಯ. ಆದರೆ ಇದೇ ಗುಣದಿಂದ ಥರ್ಮಾಕೋಲ್ ಕರಗುತ್ತದೆ, ಕೆಲವು ಪ್ಲಾಸ್ಟಿಕ್ ಮಂಕಾಗುತ್ತದೆ, ಫರ್ನಿಚರಿನ ವಾರ್ನಿಶ್ ಹಾಳಾಗುತ್ತದೆ. ಬೇಸಿಗೆಯಲ್ಲಿ ಕೆಲವರು ಕೂಲರಿನ ನೀರಿಗೇ ಹಾಕುತ್ತಾರೆ, ಅದೂ ಬೇಡ.

ಇನ್ನು ವಾಸನೆ. ಬಸ್ಸಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸುವುದು ನಮ್ಮ ಅಜ್ಜಿಯರ ಕಾಲದ ಅಭ್ಯಾಸ. 2014ರಲ್ಲಿ ಇರಾನ್‌ನಲ್ಲಿ 100 ಗರ್ಭಿಣಿಯರ ಮೇಲೆ ಒಂದು ಅಧ್ಯಯನ ನಡೆದು ಪ್ರಕಟವಾಯಿತು. ನಿಂಬೆ ಎಣ್ಣೆ ಮೂಸಿದವರಿಗೆ ವಾಕರಿಕೆ, ವಾಂತಿ ಕಡಿಮೆಯಾಗಿದ್ದು ಕಂಡಿತು. ಕರ್ಚೀಫಿಗೆ ಒಂದು ಹನಿ ಸಾಕು. ರೂಮಿನಲ್ಲಿ ಡಿಫ್ಯೂಸರ್, ಅಂದರೆ ಪರಿಮಳ ಹರಡುವ ಸಾಧನ ಇಟ್ಟರೆ ನಾಲ್ಕೈದು ಹನಿ, ಅರ್ಧ ಗಂಟೆ, ಒಂದು ಕಿಟಕಿ ತೆರೆದಿರಲಿ. ಮನೆಯಲ್ಲಿ ಕೂಸು ಅಥವಾ ದಮ್ಮಿನ ತೊಂದರೆ ಇರುವವರು ಇದ್ದರೆ ಡಿಫ್ಯೂಸರ್ ಬೇಡವೇ ಬೇಡ. ಬೆಕ್ಕು ಸಾಕಿದವರೂ ಹುಷಾರು, ಅವಕ್ಕೆ ಲಿಮೋನೀನ್ ವಿಷ. ನೀರಿಗೆ ಹನಿ ಹಾಕಿಕೊಂಡು ಕುಡಿಯುವುದನ್ನೂ ದಯವಿಟ್ಟು ಬಿಡಿ, ಬಾಯಿ ಗಂಟಲು ಉರಿಯುತ್ತದೆ.

ಕೊಳ್ಳುವಾಗ ಕಂದು ಗಾಜಿನ ಬಾಟಲಿ ಇದೆಯಾ, ಮೇಲೆ ಗಿಡದ ಹೆಸರು ಬರೆದಿದೆಯಾ ನೋಡಿ. 'ಸಿಟ್ರಸ್ ಲಿಮನ್' ಅಂದರೆ ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ಮಾರ್ಕೆಟ್ಟಿಗೆ ಬರುವ ಕಾಗ್ಜಿ ಲಿಂಬೆ, 2023ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಅನ್ನುವ ಮಾನ್ಯತೆ) ಸಿಕ್ಕ ಇಂಡಿ ಲಿಂಬೆ, ಇವೆಲ್ಲ ಬೇರೆ ಜಾತಿ. 'ಫ್ರೇಗ್ರೆನ್ಸ್ ಆಯಿಲ್' ಅಂತ ಇದ್ದರೆ ಅದು ಬರೀ ಸೆಂಟು. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ದೊಡ್ಡ ಕಲೆ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ಅರ್ಥ. ನಮ್ಮ ಮೇ ತಿಂಗಳ ಬಿಸಿಲಿಗೆ ಈ ಎಣ್ಣೆ ಬೇಗ ಕೆಡುತ್ತದೆ. ಕೆಟ್ಟ ಎಣ್ಣೆ ಚರ್ಮಕ್ಕೆ ಅಲರ್ಜಿ ತರುತ್ತದೆ, ಹಾಗಾಗಿ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ.

ಈಗ ಮುಖದ ಮಾತು. ಸಿಪ್ಪೆ ಒತ್ತಿ ತೆಗೆದ, ಅಂದರೆ ಕೋಲ್ಡ್ ಪ್ರೆಸ್ಡ್ ಎಣ್ಣೆಯಲ್ಲಿ ಫ್ಯೂರಾನೋಕೂಮರಿನ್ ಅನ್ನುವ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ಕಪ್ಪಾಗುತ್ತದೆ. ನಮ್ಮ ಓಣಿಯ ಒಬ್ಬ ಹುಡುಗಿಯ ಮುಂಗೈ ನೋಡಿದ್ದೇನೆ. ಎಣ್ಣೆ ಹರಿದ ದಾರಿಯಲ್ಲೇ ಗೆರೆ ಎಳೆದ ಹಾಗೆ ಕಂದು ಪಟ್ಟೆಗಳು. ಬೆಳ್ಳಗಾಗಲಿ ಅಂತ ಹಚ್ಚಿಕೊಂಡ ಕೂಸು ತಿಂಗಳುಗಟ್ಟಲೆ ತುಂಬು ತೋಳಿನ ಕುರ್ತಾ ಹಾಕಿಕೊಂಡು ಓಡಾಡಿತು. ನೋಡಿ ನನಗೆ ಬಹಳ ಸಂಕಟವಾಯಿತು. ಇದ್ದ ಬಣ್ಣವೇ ಚೆಂದ ಅಂತ ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ!

ಮೈಗೆ ಹಚ್ಚಲೇಬೇಕು ಅಂದರೆ ಆವಿಯಲ್ಲಿ ಇಳಿಸಿದ, 'ಸ್ಟೀಮ್ ಡಿಸ್ಟಿಲ್ಡ್' ಅಂತ ಬರೆದ ಎಣ್ಣೆ ತಗೊಳ್ಳಿ, ಅದರಲ್ಲಿ ಆ ವಸ್ತುಗಳು ಇರುವುದಿಲ್ಲ ಅನ್ನಬಹುದು. ಒಂದು ಚಮಚ ಕುಸುಬಿ ಎಣ್ಣೆಗೆ ಒಂದೇ ಹನಿ. ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ, ಆಮೇಲೆ ರಾತ್ರಿ ಹೊತ್ತು ಮಾತ್ರ ಕೈಕಾಲಿಗೆ. ಬರೀ ಎಣ್ಣೆ ಅಕಸ್ಮಾತ್ ಮೈಗೆ ತಾಗಿದರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪಿನಿಂದ ತೊಳೆದು, ಆ ದಿನ ಆ ಜಾಗಕ್ಕೆ ಬಿಸಿಲು ತಾಗದ ಹಾಗೆ ಬಟ್ಟೆ ಮುಚ್ಚಿಕೊಳ್ಳಿ. ಆಗಲೇ ಕಲೆ ಬಿದ್ದಿದ್ದರೆ ಅದರ ಮೇಲೆ ಮತ್ತೆ ನಿಂಬೆ ತಿಕ್ಕಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.